ಬಲದಿಂದ ಎಡಕ್ಕೆ ಬರೆದ ಕನ್ನಡ

ಮೊನ್ನೆ ರಕ್ತದೊತ್ತಡದ ಗುಳಿಗೆ ತರಲು ಹೋಗಿದ್ದೆ. ಪೆಟ್ಟಿಗೆಯ ಒಂದು ಬದಿಯಲ್ಲಿ ಸಾಸಿವೆ ಕಾಳಿನಂಥ ಉಬ್ಬುಗಳು ಕೈಗೆ ತಾಗಿದವು. ಇದೇನೆಂದು ಅಂಗಡಿಯವನನ್ನು ಕೇಳಿದೆ. ಅವನು ಕನ್ನಡಕ ಮೇಲೇರಿಸಿ ನೋಡಿದ, ಕೆಳಗಿಳಿಸಿ ನೋಡಿದ. "ಪ್ಯಾಕಿಂಗಲ್ಲಿ ಎಲ್ಲೋ ಒತ್ತಿ ಹೋಗಿದೆ ಅಮ್ಮಾ. ಒಳಗಿನ ಗುಳಿಗೆಗೆ ಎಂತ ಆಗಿರೂದಿಲ್ಲ" ಎಂದು ಧೈರ್ಯ ಹೇಳಿದ. ಧೈರ್ಯ ತಂದುಕೊಂಡು ಮನೆಗೆ ಬಂದೆ. ಕಣ್ಣಿಲ್ಲದವರಿಗಾಗಿ ಮಾಡಿದ ಅಕ್ಷರವನ್ನು ಕಣ್ಣಿದ್ದವರು ಹೀಗೆ ಅರ್ಥ ಮಾಡಿಕೊಳ್ಳುವುದು ನನಗೇನೂ ಹೊಸದಲ್ಲ. ಶಿರಸಿಯಲ್ಲಿ ಒಮ್ಮೆ ಇಡೀ ಒಂದು ಶಾಲೆಯೇ ಅದನ್ನು ಉರ್ದು ಎಂದು ತೀರ್ಮಾನಿಸಿತ್ತು.

ನಾನು ಮದುವೆಯಾಗಿ ಶಿರಸಿಗೆ ಬಂದಾಗ ಕನ್ನಡ ನಾಡು ಒಂದಾಗಿ ಒಂದೆರಡು ವರ್ಷವಾಗಿತ್ತು. ನನ್ನ ಜೊತೆ ಬಂದ ಬಳುವಳಿಯಲ್ಲಿ ಒಂದು ಹೊಲಿಗೆ ಯಂತ್ರ, ಆರು ಕಸೂತಿ ದಿಂಬು ಮತ್ತು ಕಾನ್ವೆಂಟು ಕಲಿಸಿದ ನಯ ವಿನಯ ಇದ್ದವು. ಮೊದಲ ಎರಡನ್ನು ಅತ್ತೆ ಅಟ್ಟಕ್ಕೆ ಹಾಕಿಸಿದರು. ಮೂರನೆಯದು ಅಟ್ಟ ಹತ್ತುವಂಥದಲ್ಲವಾದ್ದರಿಂದ ಉಳಿಯಿತು. ಇವುಗಳ ಜೊತೆ ಯಾರಿಗೂ ಹೇಳದ ಇನ್ನೊಂದು ವಿದ್ಯೆಯಿತ್ತು. ನಾನು ಓದಿದ ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ನಾಲ್ಕೈದು ಕುರುಡು ಹುಡುಗಿಯರಿದ್ದರು. ಅವರ ಪಾಠಗಳನ್ನು ಚುಕ್ಕೆಯ ಲಿಪಿಯಲ್ಲಿ ಚುಚ್ಚಿ ಕೊಡುವುದು, ಪ್ರಾರ್ಥನೆಯ ಹೊತ್ತಿನಲ್ಲಿ ಮಾತಾಡಿದವರಿಗೆ ಸಿಸ್ಟರು ವಿಧಿಸುತ್ತಿದ್ದ ಶಿಕ್ಷೆ. ನಾನು ಆ ಲಿಪಿಯಲ್ಲಿ ಪಂಡಿತೆಯಾದೆ.

ನಮ್ಮ ಪಕ್ಕದ ಮನೆ ಲಾರಿ ಡ್ರೈವರ್ ಖಾದರ ಸಾಬರದು. ಅವರ ಮಗಳು ಜುಬೇದಾಗೆ ಹತ್ತು ವರ್ಷ. ಸಿಡುಬು ಬಂದು ಹೋಗುವಾಗ ಅವಳ ಎರಡೂ ಕಣ್ಣು ತೆಗೆದುಕೊಂಡು ಹೋಗಿತ್ತು. ಕನ್ನಡ ಶಾಲೆಯ ಹೆಡ್ ಮಾಸ್ತರರು ದೊಡ್ಡ ಮನಸ್ಸು ಮಾಡಿ ಅವಳನ್ನು ಕೊನೆಯ ಸಾಲಿನಲ್ಲಿ ಕೂರಲು ಬಿಟ್ಟಿದ್ದರು. ಕೇಳಿಸಿಕೊಳ್ಳುವುದಕ್ಕೆ ಸರಕಾರದ ಅಡ್ಡಿಯಿರಲಿಲ್ಲ. ಹೀಗೆ ಕೇಳುತ್ತ ಕೇಳುತ್ತ ಅವಳು ನಾಲ್ಕನೇ ಇಯತ್ತೆಯವರೆಗೆ ಬಂದಳು. ಅಲ್ಲಿಂದ ಮೇಲೆ ಹೋಗಲು ಮಾತ್ರ ಪರೀಕ್ಷೆ ಬರೆಯಲೇಬೇಕು. ಬರೆಯದಿದ್ದರೆ ಬೇಸಿಗೆ ರಜೆಗೆ ಹಾಜರಿ ಪುಸ್ತಕದಿಂದ ಹೆಸರು ಹೊಡೆಯುತ್ತೇನೆಂದು ಮಾಸ್ತರರು ಬಹಳ ಮೃದುವಾಗಿ ತಿಳಿಸಿದ್ದರು.

ಸಿಸ್ಟರಿಗೆ ಕಾಗದ ಬರೆದೆ. ಹುಬ್ಬಳ್ಳಿಯಿಂದ ಖಾದರ ಸಾಬರ ಲಾರಿಯಲ್ಲೇ, ಉಳ್ಳಾಗಡ್ಡಿ ಚೀಲಗಳ ನಡುವೆ, ಜುಬೇದಾಳಿಗೊಂದು ಪಾಟಿ ಬಂತು. ಪಾಟಿಯೆಂದರೆ ಕದದ ಹಾಗೆ ಮಡಚುವ ಎರಡು ಲೋಹದ ಪಟ್ಟಿ. ಮೇಲಿನದರಲ್ಲಿ ಸಾಲು ಸಾಲು ಕಿಟಕಿ, ಒಂದೊಂದು ಕಿಟಕಿಗೆ ಆರು ಚುಕ್ಕೆಯ ಜಾಗ. ನಡುವೆ ದಪ್ಪ ಕಾಗದ ಸಿಕ್ಕಿಸಿ, ಮರದ ಹಿಡಿಕೆಯ ಮೊಂಡು ಸೂಜಿಯಿಂದ ಚುಚ್ಚಬೇಕು. ಆ ಸೂಜಿಯನ್ನು ಅತ್ತೆ 'ದಬ್ಬಣ' ಎಂದರು, ನಾವೂ ಹಾಗೆಯೇ ಎಂದೆವು. ಚುಚ್ಚಿದ ಚುಕ್ಕೆ ಉಬ್ಬುವುದು ಕಾಗದದ ಆಚೆ ಮಗ್ಗುಲಲ್ಲಿ. ಆದ್ದರಿಂದ ಬಲದಿಂದ ಎಡಕ್ಕೆ, ಒಂದೊಂದು ಅಕ್ಷರವನ್ನೂ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಚುಚ್ಚಬೇಕು. ಕಾಗದ ಮಗುಚಿದರೆ ಎಡದಿಂದ ಬಲಕ್ಕೆ ಸರಿಯಾಗಿ ಓದಬಹುದು.

"ಕಣ್ಣಿದ್ದ ನಮಗ ಓದಾಕ ಬರಂಗಿಲ್ಲ, ಆ ಹುಡುಗಿ ಓದಿ ಏನ್ ಮಾಡ್ತೈತವ್ವಾ?" ಎಂದು ಬನವಾಸಿ ಕಡೆಯ ನಮ್ಮ ಅತ್ತೆ ಕೇಳಿದರು. ಹಾಗೆ ಕೇಳುತ್ತಲೇ ಊರಿನ ದಪ್ಪ ದಪ್ಪ ಮದುವೆ ಪತ್ರಿಕೆಗಳನ್ನೆಲ್ಲ ಕೂಡಿಹಾಕಿ ಅವಳಿಗೆ ಚುಚ್ಚಲು ಕೊಟ್ಟರು. ಶಿರಸಿಯ ಅರ್ಧ ಮದುವೆಗಳ ಬೆನ್ನ ಮೇಲೆ ಜುಬೇದಾಳ ಕಾಗುಣಿತವಿತ್ತು. ಆರು ತಿಂಗಳಲ್ಲಿ ಅವಳು ನನಗಿಂತ ವೇಗವಾದಳು. ನನ್ನನ್ನು 'ಅಕ್ಕೋರೇ' ಎಂದು ಕರೆಯತೊಡಗಿದಳು. ನಮ್ಮ ಕಡೆ ಹಾಗೆ ಕರೆಯುವುದು ಶಾಲೆಯಲ್ಲಿ ಕಲಿಸುವ ಹೆಂಗಸರನ್ನು. ಸಂಬಳವಿಲ್ಲದ ಆ ಪದವಿಗೆ ನಾನು ಎಷ್ಟು ಉಬ್ಬಿದೆನೆಂದು ಇಲ್ಲಿ ಬರೆಯುವುದಿಲ್ಲ.

ಒಂದು ದಿನ ಅವಳು ಪಾಟಿಯನ್ನು ಶಾಲೆಗೆ ಒಯ್ದಳು. ಸಂಜೆಗೆ ಶಾಲೆಯಿಂದ ನನಗೆ ಕರೆ ಬಂತು.

"ನೋಡಿ ಅಮ್ಮಾ" ಎಂದರು ಸಿದ್ದಾಪುರ ಕಡೆಯ ಆ ಹೆಡ್ ಮಾಸ್ತರರು, "ಇದು ಕನ್ನಡ ಶಾಲೆ. ಈಗಷ್ಟೇ ನಾವು ಮುಂಬೈ ಪ್ರಾಂತ್ಯ ಬಿಟ್ಟು ಕನ್ನಡಕ್ಕೆ ಬಂದದ್ದು. ಇವಳು ನನ್ನೆದುರೇ ಕೂತು ಉರ್ದು ಬರೆದ್ರೆ ಮೇಲಿನವರಿಗೆ ನಾ ಎಂತ ಹೇಳೂದು?"

"ಇದು ಕನ್ನಡವೇ ಮಾಸ್ತರೇ."

"ಬಲದಿಂದ ಎಡಕ್ಕೆ ಬರೀತಾಳೆ. ಅಪ್ಪ ಖಾದರ ಸಾಬ. ಮತ್ತೆಂತಕ್ಕೆ ವಾದ?"

ನಾನು ಕಾಗದವನ್ನು ತಿರುಗಿಸಿ ತೋರಿಸಿದೆ. "ಈಗ ಎಡದಿಂದ ಬಲಕ್ಕೆ ಆಯಿತಲ್ಲ."

"ಹಾಗೆ ಮಗುಚಿ ಹಾಕ್ಲಿಕ್ಕೆ ಇದೆಂತ ದೋಸೆಯಾ?"

ಮಾಸ್ತರರು ನ್ಯಾಯವಂತರು. ಉರ್ದು ಶಾಲೆಗೆ ಸೇರಿಸಿಕೊಳ್ಳಬೇಕೆಂದು ಒಂದು ಚೀಟಿ ಬರೆದು ಅವಳ ಕೈಯಲ್ಲಿ ಇಟ್ಟರು. ಉರ್ದು ಶಾಲೆಯ ಉಸ್ತಾದರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, "ಇದ್ರಾಗೆ ಅಲಿಫ್ ಇಲ್ಲ, ಬೇ ಇಲ್ಲ. ಇದು ಕನ್ನಡಾನೇ ಇರ್ಬೇಕು" ಎಂದು ವಾಪಸು ಕಳಿಸಿದರು. ನನ್ನ ಕನ್ನಡವನ್ನು ಕನ್ನಡವೆಂದು ಮೊದಲು ಗುರುತಿಸಿದವರು ಅವರು.

"ಬಾಯಾರೇ, ನನ್ ಲಾರಿ ಹಿಂದಕ್ಕೆ ಹೋದ್ರೂ ಅದು ಲಾರಿನೇ ಅಲ್ಲೇನ್ರಿ?" ಎಂದರು ಖಾದರ ಸಾಬರು. ಅವರ ನಗು ಅರ್ಧಕ್ಕೇ ನಿಂತಿತು. ಪರೀಕ್ಷೆಗೆ ಒಂದು ತಿಂಗಳಿತ್ತು. ಜುಬೇದಾ ಪಾಟಿಯನ್ನು ಲಂಗದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ನಮ್ಮ ಹಿತ್ತಲ ಕಟ್ಟೆಯ ಮೇಲೆ ಕೂತಿರುತ್ತಿದ್ದಳು.

ಅಷ್ಟರಲ್ಲಿ ಯಲ್ಲಾಪುರದಿಂದ ಇನ್ಸ್‌ಪೆಕ್ಟರ್ ಸಾಹೇಬರು ಬಸ್ಸಿಳಿದು ಶಾಲೆಯ ತಪಾಸಣೆಗೆ ಬಂದರು. ನಾನು ಸೆರಗು ಹೊದ್ದು ಹೋಗಿ ಅರ್ಜಿ ಕೊಟ್ಟೆ. ಜುಬೇದಾ ಒಂದು ಪುಟ ಓದಿದಳು. "ಬಾಯಿಪಾಠ ಸಾರ್, ಇವರೇ ಕಲಿಸಿ ತಂದದ್ದು" ಎಂದರು ಮಾಸ್ತರರು. ಕೊನೆಗೆ ಹೀಗೆಂದು ನಿಶ್ಚಯವಾಯಿತು: ಹುಡುಗಿಯನ್ನು ದೂರ ಕಳಿಸಿ ಮಾಸ್ತರರು ಒಂದು ವಾಕ್ಯ ಹೇಳಬೇಕು, ನಾನು ಚುಚ್ಚಬೇಕು, ಅವಳು ಬಂದು ಓದಬೇಕು.

ಸಾಹೇಬರ ಊಟ ಅಂದು ಮಾಸ್ತರರ ಮನೆಯಲ್ಲಿತ್ತು. ಮಾಸ್ತರರ ಮನಸ್ಸೂ ಅಲ್ಲೇ ಇದ್ದಿರಬೇಕು. "ಮಾಸ್ತರರು ಸಾಹೇಬರ ಕೈಗೆ ಹೋಳಿಗೆ ಕೊಟ್ಟರು" ಎಂದು ಉಸುರಿದರು. ನಾನು ಬೆವರುತ್ತ ಚುಚ್ಚಿದೆ. ಜುಬೇದಾ ಬಂದಳು, ಬೆರಳಾಡಿಸಿದಳು, ಒಂದು ಕಡೆ ನಿಂತಳು. ಹಿಂದೆ ಹೋಗಿ ಮತ್ತೆ ಮುಟ್ಟಿದಳು.

"ಮಾಸ್ತರರು ಸಾಹೇಬರ ಕೈಗೆ ಜೋಳಿಗೆ ಕೊಟ್ಟರು."

ತಪ್ಪು ನನ್ನದು. ಈ ಲಿಪಿಯಲ್ಲಿ 'ಹ' ಮತ್ತು 'ಜ' ಕನ್ನಡಿಯ ಆಚೆ ಈಚೆ ನಿಂತ ಅವಳಿಗಳು. ಉಲ್ಟಾ ಮಾಡುವುದನ್ನು ಒಂದೇ ಒಂದು ಕಿಟಕಿಯಲ್ಲಿ ಮರೆತು, ಮಾಸ್ತರರ ಹೋಳಿಗೆಯನ್ನು ಭಿಕ್ಷೆಯ ಚೀಲ ಮಾಡಿದ್ದೆ. ಹಾಗೆಂದು ಒಪ್ಪಿಕೊಂಡೆ.

ಸಾಹೇಬರು ನಕ್ಕರು. "ಮಾಸ್ತರ್, ನೀವು ಹೇಳಿದ್ದು ಹೋಳಿಗೆ, ಇವರು ಚುಚ್ಚಿದ್ದು ಜೋಳಿಗೆ. ಹುಡುಗಿ ಇದ್ದದ್ದನ್ನ ಇದ್ದ ಹಾಗೆ ಓದಿದಾಳೆ. ಇದನ್ನ ಬಾಯಿಪಾಠ ಮಾಡಿಸ್ಲಿಕ್ಕೆ ಆಗೂದಿಲ್ಲ." ಅವಳು ಚುಕ್ಕೆಯಲ್ಲಿ ಪರೀಕ್ಷೆ ಬರೆಯಲಿ, ಈ ಅಮ್ಮನವರು ಮಸಿಯಲ್ಲಿ ಇಳಿಸಿ ಕೊಡಲಿ ಎಂದು ಆಜ್ಞೆಯಾಯಿತು. ಹೀಗೆ ನನ್ನ ಜೀವನದ ಅತ್ಯಂತ ಉಪಯುಕ್ತ ಕೆಲಸವನ್ನು ನಾನು ತಪ್ಪು ಮಾಡಿ ಸಾಧಿಸಿದೆ. ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆಯಲ್ಲಿ ನಾನು ಒಳ್ಳೆಯವಳಾಗಿಯೇ ಉಳಿಯುತ್ತಿದ್ದೆ.

ಪರೀಕ್ಷೆಯಲ್ಲಿ ಪ್ರಬಂಧದ ವಿಷಯ 'ಆಕಳು' ಎಂದು ಬಂತು. ಜುಬೇದಾ ಹೀಗೆ ಬರೆದಿದ್ದಳು: "ಆಕಳಿನ ಮೂಗು ಒದ್ದೆ. ನಾಲಿಗೆ ಹರಕು ಚಾಪೆಯ ಹಾಗೆ. ಹಣೆಯ ಮೇಲೆ ಸುಳಿ ಇದೆ, ಅದನ್ನು ತಿಕ್ಕಿದರೆ ಕಿವಿ ಬಡಿಯುತ್ತದೆ. ಆಕಳು ನಿಂತಲ್ಲಿ ಗಾಳಿ ಬೆಚ್ಚಗಿರುತ್ತದೆ." ನಾನು ಮಸಿಯಲ್ಲಿ ಇಳಿಸುತ್ತ ಬಂದೆ. ನನಗೆ ಭಯವಾಯಿತು. ಮಾಸ್ತರರಿಗೆ ಇದು ಸಾಲದು. ಕಾವಲಿಗೆಂದು ಕೂತ ಅವರು ಬೆತ್ತದ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ನಾನು ನಯವಾಗಿ, ದುಂಡಗಿನ ಕಾನ್ವೆಂಟ್ ಅಕ್ಷರದಲ್ಲಿ, ಮೇಲೊಂದು ಸಾಲು ಸೇರಿಸಿದೆ: "ಆಕಳಿಗೆ ನಾಲ್ಕು ಕಾಲು, ಎರಡು ಕೊಂಬು ಇವೆ."

ಅವಳು ಪಾಸಾದಳು. ಮಾಸ್ತರರಿಗೆ ಎಷ್ಟು ಸಂತೋಷವಾಯಿತೆಂದರೆ ಅವಳ ಪ್ರಬಂಧವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದರು. ಆ ಸಂಜೆ ಜುಬೇದಾ ಹಿತ್ತಲಿಗೆ ಬಂದು ನನ್ನ ಹತ್ತಿರ ನಿಂತಳು. ಬಾಯಲ್ಲಿ ಸಿಹಿ ಇಡಲು ನಾನು ಕೈ ಎತ್ತಿದ್ದೆ.

"ಅಕ್ಕೋರೇ, ನಾ ಬರೆದ ಆಕ್ಳಿಗೆ ಕೊಂಬು ಇರ್ಲಿಲ್ಲ."

"ಎಲ್ಲ ಆಕಳಿಗೂ ಇರುತ್ತದೆ ಜುಬೇದಾ."

"ನಿಮ್ಮನೆ ಆಕ್ಳಿಗೆ ಇಲ್ಲ."

ಕೊಟ್ಟಿಗೆಗೆ ಹೋಗಿ ನೋಡಿದೆ. ನಮ್ಮ ಆಕಳು ಹುಟ್ಟಾ ಕೊಂಬಿಲ್ಲದ್ದು. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಅದಕ್ಕೆ ಹುಲ್ಲು ಹಾಕುತ್ತಿದ್ದೆ, ಶುಕ್ರವಾರ ಹಣೆಗೆ ಕುಂಕುಮ ಇಡುತ್ತಿದ್ದೆ. ಸಣ್ಣ ಸಣ್ಣ ಸಂಗತಿಗಳೂ ನನ್ನ ಕಣ್ಣಿಗೆ ಬೀಳುತ್ತವೆಂದು ಮನೆಯಲ್ಲೆಲ್ಲ ನನಗೆ ಹೆಸರಿತ್ತು. ಕೊಂಬು ಯಾರಿಗೆ ಬಂದಿತ್ತೆಂದು ಬೇರೆ ಹೇಳಬೇಕಿಲ್ಲ.

ಐದನೇ ಇಯತ್ತೆಯಿಂದ ಅವಳು ಒಂದು ಪದ್ಧತಿ ಮಾಡಿಕೊಂಡಳು. ಪ್ರತಿ ಉತ್ತರದ ಕೊನೆಗೂ 'ಇಷ್ಟೇ' ಎಂದು ಚುಚ್ಚುವಳು. ನಾನು ಅದನ್ನೂ ಮಸಿಯಲ್ಲಿ ಬರೆಯಬೇಕು, ಬರೆದದ್ದನ್ನು ಅವಳೆದುರು ಗಟ್ಟಿಯಾಗಿ ಓದಬೇಕು. ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ. ಕದಕ್ಕೆ ಚಿಲಕ ಹಾಕುವವರಿಗೆ ಊರಿನ ಮೇಲೆಲ್ಲ ಸಿಟ್ಟಿರುತ್ತದೆಯೇ? ಮುಂದೆ ಓದಲು ಹೊರಗೆ ಹೋದಳು, ಮದುವೆಯಾಗಿ ಹಾವೇರಿ ಸೇರಿದಳು. ಕಾಗದಗಳು ಬರುತ್ತಲೇ ಇದ್ದವು, ಎಲ್ಲದರ ಕೊನೆಗೂ ಅದೇ ಚಿಲಕ.

ನಿನ್ನೆಯೂ ಒಂದು ಬಂತು. ಈಗ ನನ್ನ ಕಣ್ಣು ಮಂಜು. ಚುಕ್ಕೆಯ ನೆರಳು ಕಾಣುವುದಿಲ್ಲವಾದ್ದರಿಂದ ಬೆರಳಿನಿಂದಲೇ ತಡವರಿಸುತ್ತ ಓದಿದೆ. ಸೊಸೆ ಪಕ್ಕದಲ್ಲಿ ಬಂದು ಕೂತು ಏನು ಬರೆದಿದ್ದಾರೆ ಅತ್ತೆ ಎಂದಳು.

"'ನಮ್ಮ ಯಜಮಾನರು ತೀರಿಕೊಂಡು ಹದಿನೈದು ದಿನ ಆಯಿತು. ಬಾಗಿಲ ಹತ್ತಿರ ಅವರ ಚಪ್ಪಲಿ ಇದೆ, ಕಾಲಿಗೆ ತಾಗುತ್ತದೆ. ಇಷ್ಟೇ.'"

"ಪಾಪ" ಎಂದಳು ಸೊಸೆ. "ತುಂಬ ಅತ್ತಿರಬೇಕು, ಅಲ್ವಾ?"

ನನ್ನ ನಾಲಿಗೆ ಒಂದು ಸಾಲು ಸೇರಿಸಲು ಸಿದ್ಧವಾಗಿಯೇ ಇತ್ತು. ಬೆರಳನ್ನು ಕೊನೆಯ ಚುಕ್ಕೆಯ ಮೇಲೆ ಇಟ್ಟುಕೊಂಡು, "ಹಾಗೆಂದು ಇದರಲ್ಲಿ ಬರೆದಿಲ್ಲ" ಎಂದೆ.