ಕಡಲೆಯ ಹುಳಿ

ಹೆಂಡತಿ ತವರಿಗೆ ಹೋದರೆ ಗಂಡಸರು ಹಾಯಾಗಿರುತ್ತಾರೆಂಬ ಮಾತನ್ನು ನಾನು ನಂಬುವವನಲ್ಲ. ನಮ್ಮ ಸೀಮೆ ಮುಂಬಯಿ ಇಲಾಖೆಗೆ ಸೇರಿದ್ದ ಆ ದಿನಗಳಲ್ಲಿ ನಾನು ಧಾರವಾಡದ ಸಾಲೆಯೊಂದರಲ್ಲಿ ವಿಜ್ಞಾನದ ಮಾಸ್ತರ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಎಳ್ಳ ಅಮಾವಾಸ್ಯೆಗೆಂದು ತವರೂರು ಅಮ್ಮಿನಬಾವಿಗೆ ಹೋದ ನನ್ನ ಹೆಂಡತಿ ನೀಲವ್ವ ತಿರುಗಿ ಬರಲೇ ಇಲ್ಲ. ಅವಳು ಮಾಡಿದ್ದನ್ನೆಲ್ಲ ನಮ್ಮವ್ವ ಹಳಿಯುತ್ತಿದ್ದಳು. ನೀಲವ್ವನೂ ಒಂದಕ್ಕೆರಡು ಅಂದೇ ಹೊರಟಿದ್ದಳು.

ಮನೆ ಶಾಂತವಾಯಿತು. ಆ ಶಾಂತಿಯಲ್ಲಿ ನನಗೆ ತುತ್ತು ಇಳಿಯದಾಯಿತು. ಹತ್ತಿಗಿಡದ ಎಲೆಯ ಮೇಲಿನ ನವಿರು ಕೂದಲು ಸಣ್ಣ ಕೀಟಗಳನ್ನು ಹೇಗೆ ತಡೆಯುತ್ತದೆಂದು ಪಾಠ ಮಾಡುವಾಗ ನೀಲವ್ವನ ಹೆರಳು ನೆನಪಾಗಿ, ಸೀಮೆಸುಣ್ಣ ಹಿಡಿದು ಹಾಗೇ ನಿಂತುಬಿಟ್ಟೆ. ಹುಡುಗರು ಮುಸಿಮುಸಿ ನಕ್ಕರು.

ಶನಿವಾರ ಸಂಜೆ ಅಮ್ಮಿನಬಾವಿಯ ಚಕ್ಕಡಿ ಹತ್ತಿದೆ. ಮಾವ ಉಪಚರಿಸಿದರು, ನೀಲವ್ವ ಮುಖ ತೋರಿಸಲಿಲ್ಲ. ಬೆಳಕು ಹರಿಯುವಾಗ ಅವಳು ಹೊಲಕ್ಕೆ ಹೋದಳೆಂದು ತಿಳಿದು ನಾನೂ ಹಿಂದೆಯೇ ನಡೆದೆ.

ಕರಿಮಣ್ಣಿನಲ್ಲಿ ಕಡಲೆ ಹೂವಾಗಿತ್ತು. ಗಿಡಗಳ ಮೇಲೆ ರಾತ್ರಿ ಹಾಸಿದ್ದ ಬಿಳಿ ಅರಿವೆ ಇಬ್ಬನಿಯ ಜೊತೆ ಎಲೆಗಳ ಹುಳಿಯನ್ನೂ ಹೀರಿಕೊಂಡಿತ್ತು. ಹೊಟ್ಟೆನೋವಿನ ಮದ್ದಿಗೆಂದು ಅವಳು ಅದನ್ನು ಗಡಿಗೆಗೆ ಹಿಂಡುತ್ತಿದ್ದಳು. ಏನು ಮಾತಾಡಬೇಕೆಂದು ತೋಚದೆ ನಾನು ಅಲ್ಲಿಯೂ ಪಾಠ ಸುರುಮಾಡಿದೆ.

“ಹುಳ ತಿನಬಾರದಂತ ಗಿಡ ಈ ಹುಳಿ ಬಿಡತೈತಿ.”

“ಮತ್ತೇನು ಮಾಡಬೇಕ್ರಿ ಅದು?” ಅವಳು ತಿರುಗಲಿಲ್ಲ. “ಎದ್ದು ಹೋಗಾಕ ಅದಕ್ಕ ತವರುಮನಿ ಐತೇನು?”

ನಾನು ಪಾಠ ಬಿಟ್ಟೆ. “ನೀ ಇಲ್ದ ಮನ್ಯಾಗ ನನಗ ಇರಾಕ ಆಗವಲ್ದು,” ಎಂದೆ.

ಅವಳ ಕೈ ನಿಂತಿತು. “ಇಷ್ಟು ಹುಳಿ ಇದ್ರೂ ಬರೋ ಹುಳ ಬಂದ ಬರತೈತ್ರಿ. ಕಾಯಿ ಕೊರೀತೈತಿ.”

“ಖರೇ. ನೋಡು, ಬಂದೇನಿ.”

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕಮೇಲೆ ಕಣ್ಣೊರೆಸಿಕೊಂಡಳು. “ಅತ್ತಿ ಅಂದಾಗ ಸುಮ್ಮ ಕುಂದರತೀರಲ್ಲ, ಅದಕ್ಕ ನಾನ ಬಾಯಿ ಮಾಡೂದಾತು. ಇನ್ನ ಮ್ಯಾಲ?”

“ಇನ್ನ ಮ್ಯಾಲ ನಾ ಮಾತಾಡತೇನಿ.”

ಮಧ್ಯಾಹ್ನ ಹೊರಟೆವು. ನನ್ನ ಸಂತೋಷಕ್ಕೆ ಎತ್ತುಗಳ ನಡಿಗೆ ಸಾಲದಾಗಿತ್ತು. ನೀಲವ್ವ ಮಾತ್ರ ಹಿಂದಕ್ಕೆ ಮುಖ ಮಾಡಿ ಕುಳಿತು, ಊರ ಅಗಸಿಬಾಗಿಲಲ್ಲಿ ನಿಂತ ತನ್ನ ಅವ್ವನನ್ನೇ ನೋಡುತ್ತಿದ್ದಳು. ನನ್ನ ಹಂಬಲ ತೀರಿದಲ್ಲಿಯೇ ಅವಳದು ಸುರುವಾಗಿತ್ತು. ಚಕ್ಕಡಿ ಹೊಡೆಯುವವನಿಗೆ ಮೆಲ್ಲಗೆ ಹೇಳಿದೆ:

“ಸಾವಕಾಶ ಹೊಡಿಯಪಾ. ಏನೂ ಅವಸರಿಲ್ಲ.”