ಬಸಳೆ ರಸದ ಅಮ್ಮ

ಪ್ರಫುಲ್ಲಾ ಮುಂಬಯಿ ಪಕ್ಕದ ಠಾಣೆ ಊರಿನ ಫೋಟೊ ಲ್ಯಾಬಿನ ಕತ್ತಲೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಊರವರ ಮದುವೆಗಳನ್ನೆಲ್ಲ ತೊಳೆದು ಒಣಗಿಸಿದವಳು. ಲ್ಯಾಬು ಮುಚ್ಚಿತು. ಕೈ ಸುಮ್ಮನಿರಬೇಕಲ್ಲ? ಘಣಸೋಲಿಯ ಮನೆಯ ಬಾಲ್ಕನಿಯಲ್ಲಿ ಪಾಲಕ್ ಅರೆದಳು, ಬೀಟ್‌ರೂಟ್ ಹಿಂಡಿದಳು, ದಾಸವಾಳ ಜಜ್ಜಿದಳು. ರಸ ಬಳಿದ ಕಾಗದದ ಮೇಲೆ ಎಲೆಯಿಟ್ಟು ಬಿಸಿಲಿಗೆ ಹಾಕಿದರೆ ಎಲೆ ಮುಚ್ಚಿದಷ್ಟು ಜಾಗದಲ್ಲಿ ಬಣ್ಣ ಉಳಿಯುತ್ತದೆ, ಮಿಕ್ಕದ್ದು ಬೆಳ್ಳಗಾಗುತ್ತದೆ. ಗಂಡ ಯೋಗೀಶ್, "ಪಲ್ಯಕ್ಕೆ ಏನಾದರೂ ಉಳಿದಿದೆಯಾ?" ಅಂತ ದಿನಾ ಕೇಳುತ್ತಿದ್ದ.

ಕೊನೆಗೆ ಕೈಹಿಡಿದದ್ದು ಬಸಳೆಯ ಹಣ್ಣು. ಆ ಬಳ್ಳಿ ಅವಳ ಅಮ್ಮ ರತ್ನಾವತಿ ಮೀನಿನ ಥರ್ಮಾಕೋಲ್ ಡಬ್ಬಿಯಲ್ಲಿ ನೆಟ್ಟದ್ದು. ಒಂಬತ್ತು ವರ್ಷ ಅಮ್ಮ ಮಗಳ ಮನೆಯಲ್ಲೇ ಇದ್ದಳು. ಠಾಣೆಯ ಇಪ್ಪತ್ತನೇ ಮಾಳಿಗೆಯಲ್ಲಿರುವ ಮಗ ಸೂರಜನಿಗೆ ಜಾಗ ಸಾಲುತ್ತಿರಲಿಲ್ಲವಂತೆ. ಸತ್ತ ಮೇಲೆ ಕೊಳ್ಳಿ ಇಡಲಿಕ್ಕೆ ಮಾತ್ರ ಮಗನೇ ಬೇಕಾಯಿತು. ಬದುಕಿದ್ದಾಗ ಸಿಗದ ಜಾಗ ಅವನ ಗೋಡೆಯ ಮೇಲಾದರೂ ಸಿಗಲಿ, ಪ್ರಫುಲ್ಲಾಳಿಗೆ ಅದೊಂದೇ ಹಠ.

ಅಮ್ಮನ ಫೋಟೊವನ್ನು ಬೆಳಕು ಹಾಯುವ ಪ್ಲಾಸ್ಟಿಕ್ ಹಾಳೆಗೆ ಮುದ್ರಿಸಿ, ರಸದ ಕಾಗದದ ಮೇಲಿಟ್ಟು, ಆರು ದಿನ ಬಿಸಿಲು ಹೋದ ಕಡೆಗೆಲ್ಲ ಹಲಗೆ ಸರಿಸಿದಳು. ಏಳನೇ ದಿನ ಕಡು ನೇರಳೆ ಸೀರೆಯಲ್ಲಿ ಅಮ್ಮ ಎದ್ದು ಬಂದಳು, ಮೂಗುಬೊಟ್ಟಿನ ಸಮೇತ. ಪ್ರಫುಲ್ಲಾ ಅಲ್ಲೇ ಕೂತು ಅತ್ತಳು.

ವರ್ಷಾಂತಿಕದ ದಿನ ತಮ್ಮನ ಮನೆಗೆ ಕೊಂಡುಹೋಗಿ ಕೊಟ್ಟಳು. "ಲ್ಯಾಬಿನ ಫೋಟೊಗೆ ಬಣ್ಣ ನಿಲ್ಲಿಸುವ ಮದ್ದಿತ್ತು, ಇದಕ್ಕಿಲ್ಲ. ಬೆಳಕಿಗೆ ಮಾಸುತ್ತದೆ, ಬಟ್ಟೆ ಮುಚ್ಚಿಡಿ, ನೋಡುವಾಗ ಮಾತ್ರ ತೆಗೆಯಿರಿ."

"ಹಿರಿಯರ ಮುಖಕ್ಕೆ ಬಟ್ಟೆಯಾ ಅತ್ತಿಗೆ? ಹೆಣಕ್ಕೆ ಮುಚ್ಚಿದ ಹಾಗೆ" ಅಂದಳು ಸೂರಜನ ಹೆಂಡತಿ ಮಾನಸಿ. ಬಾಲ್ಕನಿಯ ಎದುರು ಗೋಡೆಗೇ ತೂಗುಹಾಕಿದಳು. ಸೂರಜ ದಪ್ಪದೊಂದು ಗಂಧದ ಹಾರ ಹಾಕಿದ. ಬಂದವರೆಲ್ಲ ಕೈಮುಗಿದರು. ಅಂತೂ ಅಮ್ಮ ಮಗನ ಹಾಲ್‌ನಲ್ಲಿದ್ದಳು. ಮತ್ತೊಂದು ಮಾತಾಡಿದರೆ ಎಲ್ಲಿ ಇಳಿಸಿಬಿಡುತ್ತಾರೋ ಅಂತ ಪ್ರಫುಲ್ಲಾ ಬಾಯಿ ಮುಚ್ಚಿಕೊಂಡಳು. ಹಾಳು ಆಸೆ, ಇನ್ನೇನು.

ನಾಲ್ಕು ತಿಂಗಳಿಗೆ ಸೂರಜನ ಫೋನು ಬಂತು. "ಅಕ್ಕ, ನಿನ್ನ ಕಲರ್ ಡೂಪ್ಲಿಕೇಟ್. ನಾವು ಕಂಪ್ಯೂಟರಿನಲ್ಲಿ ಬೇರೆ ಮಾಡಿಸಿದೆವು."

ಹೋಗಿ ನೋಡಿದರೆ ಗೋಡೆಯ ಮೇಲೆ ಜರಿ ಸೀರೆ ಉಟ್ಟು ನೆಕ್ಲೇಸ್ ಹಾಕಿಕೊಂಡ ಯಾರೋ ಶ್ರೀಮಂತ ಹೆಂಗಸು. ಅಮ್ಮ ಜನ್ಮದಲ್ಲಿ ನೆಕ್ಲೇಸ್ ಕಂಡವಳಲ್ಲ.

ಹಳೆಯ ಕಾಗದ ಚಪ್ಪಲಿ ಸ್ಟ್ಯಾಂಡಿನ ಮೇಲಿತ್ತು. ಪ್ರಫುಲ್ಲಾ ಎತ್ತಿಕೊಂಡಳು. ಅಮ್ಮನ ಹಣೆಯಿಲ್ಲ, ಕಣ್ಣಿಲ್ಲ, ಮೂಗುಬೊಟ್ಟಿಲ್ಲ. ಮಗ ಹಾಕಿದ ಹಾರ ಮುಚ್ಚಿದ್ದಷ್ಟು ಜಾಗ ಮಾತ್ರ ನೇರಳೆಯಾಗಿ ಉಳಿದಿತ್ತು.