ದೊಡ್ಡಾಟದ ಜಾಹೀರಾತು

ವೈಟ್‌ಫೀಲ್ಡಿನ ನಮ್ಮ ಜಾಹೀರಾತು ಕಂಪನಿಗೆ ಸಂಸ್ಕೃತಿ ಇಲಾಖೆಯಿಂದ ಬರುತ್ತಿದ್ದ ಆ ಮೇಡಂ ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದರು. ನಮ್ಮ ಜಾಹೀರಾತನ್ನು ಜಾಲತಾಣದಲ್ಲಿ ಲಕ್ಷಾಂತರ ಜನ ನೋಡಿದ್ದಾರೆಂದು ನಾನು ಪರದೆ ತೋರಿಸಿದರೆ, ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾ ಒಂದೇ ಮಾತು ಕೇಳುತ್ತಿದ್ದರು: "ನೋಡಿದ್ದು ಸರಿ ಕಣ್ರೀ, ಬರ್ತಾರಾ?"

ಇಲಾಖೆಯವರು ಇಲ್ಲಿನ ಮೈದಾನದಲ್ಲಿ ಇಟ್ಟಿದ್ದ ಉತ್ತರ ಕರ್ನಾಟಕದ ದೊಡ್ಡಾಟದ ಸಂಜೆ ಯಾರೂ ಬರಲಿಲ್ಲ. ಸರ್ಕಾರದ ದುಡ್ಡಿನ ಜಾಹೀರಾತನ್ನು ನಾವು ಅಪಾರ್ಟ್‌ಮೆಂಟಿನವರ ಮೊಬೈಲಿಗಷ್ಟೇ ಹೋಗುವಂತೆ ಹಾಕಿದ್ದೆವು. ಕಲಾಸಕ್ತರು ಅಲ್ಲೇ ಇರುತ್ತಾರೆಂದು ನಮ್ಮ ಎಣಿಕೆ. ಮೈದಾನದ ಗೋಡೆಯಾಚೆ ಶೆಡ್‌ಗಳಲ್ಲಿದ್ದ ವಿಜಯಪುರದ ಕಟ್ಟಡ ಕೆಲಸದವರಿಗೆ ಅದು ಕಾಣಲೇ ಇಲ್ಲ. ಉದ್ಘಾಟನೆಗೆ ಬರಬೇಕಿದ್ದ ಸಚಿವರ ಕಾರು ಆಗಲೇ ಇತ್ತ ಹೊರಟಾಗಿತ್ತು. ವೇಷ ಕಟ್ಟಿದ ಕಲಾವಿದರು ಖಾಲಿ ಕುರ್ಚಿಗಳನ್ನೇ ನೋಡುತ್ತಿದ್ದರು.

ಮೇಡಂ ಸರಸರ ಗೇಟು ದಾಟಿ ಶೆಡ್‌ಗಳ ಮುಂದೆ ನಿಂತು ಕೂಗಿದರು: "ನಿಮ್ಮ ಕಡೆಯ ದೊಡ್ಡಾಟ ಬಂದಿದೆ, ಬನ್ರಪ್ಪಾ."

"ನಮ್ಮನ್ನ ಒಳಗ ಬಿಡ್ತಾರೇನ್ರೀ ಅಕ್ಕಾರ?" ಎಂದಳು ಒಬ್ಬಳು.

"ನಾನೇ ಕರೀತಿದೀನಲ್ಲ."

ಕುರ್ಚಿಗಳು ತುಂಬಿದವು. "ಫೋಟೋ ತೆಗಿ ಗುರು, ನಮ್ಮ ಜಾಹೀರಾತು ಗೆದ್ದಿದೆ ಅಂತ ಹಾಕೋಣ," ಎಂದರು ನಮ್ಮ ಮ್ಯಾನೇಜರ್. ನಾನು ಮೊಬೈಲ್ ಎತ್ತಿದೆ. ಮೇಡಂ ಕೈ ಅಡ್ಡ ಬಂತು.

"ಇವ್ರು ಅದನ್ನ ನೋಡಿ ಬಂದೋರಲ್ಲ."

ಅಷ್ಟರಲ್ಲಿ ಬಟನ್ ಒತ್ತಿಯಾಗಿತ್ತು. ನನ್ನ ಬಳಿ ಇರುವ ಮೇಡಂ ಅವರ ಫೋಟೋ ಅದೊಂದೇ: ಪರದೆಯ ತುಂಬ ಅಂಗೈ.